ಕುರ್ಚಿ ಮಳಿಗೆಗೆ ಗಣಿಯ ಲೆಕ್ಕ

ಕೆಲವರಿಗೆ ಮನೆ ಬಿಟ್ಟು ಹೊರಟ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿಕೊಳ್ಳುತ್ತದೆ. ಅರ್ಧ ದಾರಿಯಿಂದ ಹಿಂದಿರುಗಿ, ಬೀಗವನ್ನು ಒಂದು ಸಲ ಜಗ್ಗಿ ನೋಡಿ ಮತ್ತೆ ಹೊರಡುತ್ತಾರೆ. ಇನ್ನು ಕೆಲವರು ಪಕ್ಕದವರ ಎಲೆಗೆ ಏನು ಬಿತ್ತೆಂದು ನೋಡದೆ ತಮ್ಮ ಎಲೆಗೆ ಕೈ ಹಾಕಲಾರರು. ಇವೆಲ್ಲ ಮರ್ಯಾದಸ್ಥರ ಕಾಯಿಲೆಗಳು, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನನ್ನದು ಸ್ವಲ್ಪ ನಾಚಿಕೆಯ ವಿಷಯ. ಎಲ್ಲಿಗಾದರೂ ನಾಲ್ಕು ಜನ ಒಳಗೆ ಹೋಗುವುದನ್ನು ಕಂಡರೆ ಸಾಕು, ಆ ನಾಲ್ವರೂ ಹೊರಗೆ ಬರುವ ತನಕ ನನಗೆ ಸಮಾಧಾನವಿಲ್ಲ. ಟೆಂಟಿನಲ್ಲಿ ಸಿನಿಮಾ ಮುಗಿದರೆ ಕೊನೆಯವನು ಹೊರಗೆ ಬರುವವರೆಗೆ ಬಾಗಿಲ ಬಳಿ ನಿಂತಿರುತ್ತೇನೆ. ಒಮ್ಮೆ ಬಂಗಾರಪೇಟೆಯ ಕ್ಷೌರದಂಗಡಿಯ ಎದುರು ಬಸ್ಸಿಗೆ ಕಾಯುತ್ತಿದ್ದಾಗ, ದೊಡ್ಡ ಗಡ್ಡದವನೊಬ್ಬ ಒಳಗೆ ಹೋಗಿದ್ದನ್ನು ನೋಡಿದೆ. ಎಷ್ಟು ಹೊತ್ತಾದರೂ ಗಡ್ಡದವನು ಹೊರಗೆ ಬರಲೇ ಇಲ್ಲ. ಬಸ್ಸು ಬಂತು, ಹೋಯಿತು. ಕಡೆಗೆ ತಡೆಯಲಾರದೆ ಒಳಗೆ ಹೋಗಿ ವಿಚಾರಿಸಿದರೆ, ಗಡ್ಡ ಅಲ್ಲೇ ನೆಲದ ಮೇಲಿತ್ತು, ಅದರ ಯಜಮಾನ ನನ್ನ ಮುಂದೆಯೇ ನಡೆದುಕೊಂಡು ಹೋಗಿದ್ದ.

ಈ ಕತೆ ಕೇಳಿದಾಗ ನನ್ನ ಹೆಂಡತಿ ರತ್ನಮ್ಮ ಹಣೆ ಹಣೆ ಚಚ್ಚಿಕೊಂಡಳು. "ನೀವೇನು ಯಮಧರ್ಮನ ಕಡೆ ಗುಮಾಸ್ತರಾ? ಯಾರು ಬಂದ್ರೆ ನಿಮಗೇನು, ಯಾರು ಓದ್ರೆ ನಿಮಗೇನು?" ಎಂದಳು. ಅವಳು ಹೀಗೆ ಕೇಳಿದ್ದು ನನಗೆ ಸ್ವಲ್ಪ ಅನ್ಯಾಯವೆನಿಸಿತು. ಯಾಕೆಂದರೆ ಈ ಕಾಯಿಲೆ ನನಗೆ ಬಂದದ್ದು ಅವಳ ತೌರುಮನೆಯ ಕಡೆಯಿಂದಲೇ.

ನಮ್ಮದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿ. ಮನೆಯವರೆಲ್ಲ ರಾಗಿ ಹೊಲ, ಎಮ್ಮೆ, ಬದನೆಕಾಯಿ ಎಂದುಕೊಂಡು ಇದ್ದವರು. ನಾನೊಬ್ಬ ನಾಲ್ಕಕ್ಷರ ಕಲಿತೆನೆಂದು ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿದ್ದ ತಿಮ್ಮರಾಯಪ್ಪನವರು ಮಗಳನ್ನು ಕೊಟ್ಟರು. ಮಗಳ ಹಿಂದೆಯೇ, ತಾವು ಟೈಂ ಕೀಪರ್ ಆಗಿದ್ದ ಗಣಿಯ ಟೈಂ ಆಫೀಸಿನಲ್ಲಿ ನನಗೊಂದು ಜಾಗವನ್ನೂ ಕೊಡಿಸಿದರು. ಕೆಲಸ ಏನೂ ಕಷ್ಟದ್ದಲ್ಲ. ಸುರಂಗಕ್ಕೆ ಇಳಿಯುವ ಪ್ರತಿಯೊಬ್ಬನಿಗೂ ಅವನ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಕಿಟಕಿಯಿಂದ ಕೊಡಬೇಕು. ಪಾಳಿ ಮುಗಿದು ಮೇಲೆ ಬಂದಾಗ ಇಸಕೊಂಡು ಹಲಗೆಯ ಮೇಲಿನ ಅದೇ ಮೊಳೆಗೆ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಭೂಮಿಯೊಳಗಿದ್ದಾನೆ ಎಂದರ್ಥ. ಮಾವ ಆ ಕಿಟಕಿಯ ಬಳಿ ಜೀವಮಾನವೆಲ್ಲ ನಿಂತೇ ಕಳೆದವರು. ಅಲ್ಲೊಂದು ಸ್ಟೂಲು ಇತ್ತು, ಅದರ ಮೇಲೆ ನೀರಿನ ಕೂಜ ಇಟ್ಟಿದ್ದರು. "ಕೂತ್ಕಂಡ್ರೆ ಕಣ್ಣು ಎಳೀತದೆ ಕಣಪ್ಪಾ, ಕಣ್ಣು ಎಳೀತು ಅಂದ್ರೆ ಲೆಕ್ಕ ತಪ್ತು" ಎನ್ನುತ್ತಿದ್ದರು. "ಬಿಲ್ಲೆ ಬಂದಿಲ್ಲ ಅಂದ್ರೆ ಮನುಸ ಬಂದಿಲ್ಲ. ಅಲಗೆ ತುಂಬೋ ಗಂಟ ನೀನು ಮನೆ ಕಡೆ ತಿರುಗ್ ನೋಡ್ಬಾರ್ದು" ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ, ಕೊನೆಯ ಪಾಠವೂ ಅದೇ.

ನಾನು ಸೇರಿದ ಹೊಸತರಲ್ಲಿ ಒಂದು ಸಾಯಂಕಾಲ ಪೆರುಮಾಳ್ ಎಂಬವನ ಮೊಳೆ ಖಾಲಿ ಉಳಿಯಿತು. ಕೆಳಗೆ ಹುಡುಕಿಸಿದರು, ಸಿಗಲಿಲ್ಲ. ಸುದ್ದಿ ಹೇಗೋ ಅವನ ಮನೆ ಮುಟ್ಟಿ, ಅವನ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ನನ್ನ ಕಿಟಕಿಯ ಮುಂದೆ ಬಂದು ನಿಂತಳು. ಆ ಖಾಲಿ ಮೊಳೆಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಯಾರೋ ಪೆರುಮಾಳನ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಮಹಾರಾಯ ನೂಕುನುಗ್ಗಲಿನಲ್ಲಿ ಕಿಟಕಿ ತಪ್ಪಿಸಿ, ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು ನೆಟ್ಟಗೆ ಸಿನಿಮಾ ಟೆಂಟಿಗೆ ಹೋಗಿ ಕೂತಿದ್ದ. ಆಕೆ ಅವನ ಜೇಬಿಗೆ ತಾನೇ ಕೈ ಹಾಕಿ ಬಿಲ್ಲೆ ತೆಗೆದು ನನ್ನ ಮುಂದಿಟ್ಟಳು. ಆಮೇಲೆ ಅವನ ಬೆನ್ನಿಗೆ ಎರಡು ಬಾರಿಸಿ, ಅವನ ಭುಜದ ಮೇಲೆಯೇ ಮುಖವಿಟ್ಟು ಅತ್ತಳು. ಸುತ್ತ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ಬಿಲ್ಲೆಯನ್ನು ಮೊಳೆಗೆ ಹಾಕಲು ಹೋದರೆ ಎರಡು ಸಲ ಕೆಳಗೆ ಬಿತ್ತು. ಅವತ್ತು ಹಿಡಿದ ಕಾಯಿಲೆ ಇನ್ನೂ ಬಿಟ್ಟಿಲ್ಲ.

ಇಂಥ ನಾನು ಆ ಕೆಲಸ ಬಿಟ್ಟು ಬಂಗಾರಪೇಟೆಯ ಕುರ್ಚಿ ಕಂಪೆನಿಗೆ ಸೇರಿದ್ದು ಬರಿಯ ಕುತೂಹಲದಿಂದ. ಚಿನ್ನದ ಗಣಿಯಲ್ಲಿ ಅಷ್ಟು ವರ್ಷ ಇದ್ದೆನಲ್ಲ, ಹೋಗುವವರನ್ನು ಕಂಡೆ, ಬರುವವರನ್ನು ಕಂಡೆ, ಚಿನ್ನವನ್ನು ಮಾತ್ರ ಒಂದು ದಿನವೂ ಕಾಣಲಿಲ್ಲ. ನಮ್ಮ ಕಡೆಯವರೇ ಆದ ಮುನಿಸ್ವಾಮಪ್ಪನವರು ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಶೆಡ್ಡು ಹಾಕಿ ಬಕೀಟು, ಕಿಟಕಿ ಕಂಬಿ ಮಾಡುತ್ತಿದ್ದರು. ಅವರಿಗೆ ಆಗ ಕಬ್ಬಿಣದ ಪೈಪಿನಲ್ಲಿ ಮಡಿಚುವ ಕುರ್ಚಿ ಮಾಡುವ ಹುಚ್ಚು ಹಿಡಿದಿತ್ತು. ಒಂದು ದಿನ ಸುಮ್ಮನೆ ನೋಡಲು ಹೋದೆ. ಏಳುಮಲೈ ಎಂಬ ಫಿಟ್ಟರು, ಆತನೂ ಕೆಜಿಎಫ್‌ನವನೇ, ಒಂದು ಉದ್ದನೆಯ ಪೈಪನ್ನು ಬಗ್ಗಿಸಿ ಬಗ್ಗಿಸಿ ನನ್ನ ಕಣ್ಣ ಮುಂದೆಯೇ ಕುರ್ಚಿ ಮಾಡಿ, "ಉಟ್ಕಾರುಂಗೋ ಸಾರ್, ಕೂತ್ಕೊಳ್ಳಿ" ಎಂದ. ಕೂತೆ. ಇಲ್ಲದಿದ್ದ ವಸ್ತುವೊಂದು ಉಂಟಾಗುವುದನ್ನು ನಾನು ನೋಡಿದ್ದು ಅದೇ ಮೊದಲು. ಎದ್ದಾಗ ನಾನು ಆ ಕಂಪೆನಿಯ ಮ್ಯಾನೇಜರು, ಗುಮಾಸ್ತ, ಮಾರಾಟದವನು ಎಲ್ಲ ಆಗಿದ್ದೆ.

ಚಾಂಪಿಯನ್ ರೀಫ್ಸ್‌ನಲ್ಲಿ ಇದರಿಂದ ದೊಡ್ಡ ರಾದ್ಧಾಂತವಾಯಿತು. "ಊರೆಲ್ಲ ಗಣಿ ಕೆಲಸಕ್ಕೆ ಕ್ಯೂ ನಿಂತೈತೆ, ನಮ್ಮಳಿಯ ಕುರ್ಚಿ ಮಾಡಕ್ಕೆ ಓಯ್ತಾನಂತೆ! ನಾನು ಜಲ್ಮ ಎಲ್ಲ ನಿಂತ್ಕಂಡು ಮರ್ಯಾದೆ ಸಂಪಾದಿಸ್ದೆ, ಇವನು ಕೂತ್ಕಂಡು ಕಳೀತಾನೆ" ಎಂದು ಮಾವ ಮಗಳ ಮುಂದೆ ಕೂಗಾಡಿದರು. ಆದರೆ ಒಳಗೊಳಗೇ ಗಣಿಯ ಸಾಹೇಬರ ಕೈಕಾಲು ಹಿಡಿದು, ದೀಪಾವಳಿಯವರೆಗೆ ನನ್ನ ಜಾಗಕ್ಕೆ ಬೇರೆಯವರನ್ನು ಹಾಕದಂತೆ ಒಪ್ಪಿಸಿದ್ದರು. "ಅಷ್ಟ್ರೊಳಗೆ ಬುದ್ಧಿ ಬಂದ್ರೆ ವಾಪಸ್ ಬಾ" ಎಂದರು. ರತ್ನಮ್ಮ ಯಾರ ಪಕ್ಷವನ್ನೂ ವಹಿಸಲಿಲ್ಲ. ಪಾತ್ರೆ, ಹಾಸಿಗೆ, ಟ್ರಂಕು ಎಲ್ಲ ಕಟ್ಟಿಕೊಂಡು ನನ್ನ ಹಿಂದೆ ಬಂಗಾರಪೇಟೆಗೆ ಬಂದಳು. ಬಾರದೆ ಉಳಿದದ್ದು ಒಂದೇ, ಅವಳ ಒರಳುಕಲ್ಲು. ಅದನ್ನು ತೌರಿನಲ್ಲೇ ಬಿಟ್ಟಿದ್ದಳು. ಯಾಕೆಂದು ಕೇಳಿದರೆ, "ಅದೇನು ಸೊಪ್ಪಿನ ಕಟ್ಟಾ, ಇವತ್ತು ತಂದು ನಾಳೆ ಒತ್ಕಂಡು ಓಗಕ್ಕೆ? ನೀವು ಇಲ್ಲೇ ಇರ್ತೀರ ಅಂತ ಗಟ್ಟಿ ಆಗ್ಲಿ, ಆಮ್ಯಾಕೆ ತರ್ಸಾನ" ಎಂದಳು. ದೋಸೆ ತಿನ್ನಬೇಕೆನಿಸಿದರೆ ಪಕ್ಕದ ಮನೆಯ ಒರಳಿಗೆ ಹೋಗಿ ರುಬ್ಬಿಕೊಂಡು ಬರುತ್ತಿದ್ದಳು. ಪ್ರತಿ ಸಲ ಅವಳು ಹಿಟ್ಟಿನ ಪಾತ್ರೆ ಹಿಡಿದು ಪಕ್ಕದ ಮನೆಯಿಂದ ಇಳಿದು ಬರುವಾಗ, ನನ್ನ ಹೊಸ ಕೆಲಸದ ಬಗ್ಗೆ ಊರಿಗೆಲ್ಲ ಡಂಗುರ ಹೊಡೆದ ಹಾಗಾಗುತ್ತಿತ್ತು.

ಆ ವರ್ಷ ಬೆಂಗಳೂರಿನಲ್ಲಿ ಒಂದು ಕೈಗಾರಿಕಾ ವಸ್ತುಪ್ರದರ್ಶನ ಏರ್ಪಾಡಾಯಿತು. ಮುನಿಸ್ವಾಮಪ್ಪನವರು ಅಲ್ಲಿ ಒಂದು ಮಳಿಗೆ ಹಿಡಿದರು. ಹಿಡಿದ ಮೇಲೆ ಅವರಿಗೆ ಭಯ ಶುರುವಾಯಿತು. ಕುರ್ಚಿಗೆ ಸುರಿದದ್ದು ಹೆಚ್ಚಾಗಿತ್ತು, ಬಕೀಟಿನ ಗಿರಾಕಿಗಳು ಬೇಸತ್ತು ಬೇರೆ ಕಡೆ ಹೋಗುತ್ತಿದ್ದರು. ಹೊರಡುವ ದಿನ ನನ್ನನ್ನು ಪಕ್ಕಕ್ಕೆ ಕರೆದು, "ನೋಡು ನಾರಾಣಪ್ಪಾ, ನಂಗೆ ಅಲ್ಲೀಗ್ ಬರಕಾಗಕಿಲ್ಲ. ನೀನು, ಏಳುಮಲೈ ಓಗಿ. ವಾಪಸ್ ಬಂದ್ಮೇಲೆ ಒಂದೇ ಮಾತು ಯೋಳ್ಬೇಕು. ಕುರ್ಚಿ ಇಟ್ಕಳಾನಾ, ಇಲ್ಲ ಬಕೀಟಿಗೇ ಓಗಾನಾ? ಎಷ್ಟು ಜನ ಬಂದ್ರು, ಬಂದೋರು ಏನಾದ್ರು, ಅದನ್ನೆಲ್ಲ ಸರಿಯಾಗಿ ನೋಡ್ಕಂಡ್ ಬಾ" ಎಂದರು. ಕುರ್ಚಿ ಹೋದರೆ ಅದರೊಂದಿಗೆ ನನ್ನ ಕೆಲಸವೂ ಹೋದಂತೆಯೇ. ಮತ್ತೆ ಆ ಕಿಟಕಿ, ಆ ಮೊಳೆಗಳು, ಬೆಳಗ್ಗೆ ಎದ್ದರೆ ಮಾವನ ಮುಖ.

'ಬಂದವರು ಏನಾದರು' ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಂದವರನ್ನು ನೋಡಿಕೊಳ್ಳುವ ವಿದ್ಯೆ ನನಗೆ ಗೊತ್ತಿದ್ದದ್ದು ಒಂದೇ. ಏಳುಮಲೈಗೆ ಹೇಳಿ ತಗಡಿನ ಚೂರುಗಳಲ್ಲಿ ಒಂದು ಗೋಣಿಚೀಲದ ತುಂಬ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿಕೊಂಡೆ. ಮಳಿಗೆಗೆ ಒಂದೇ ಬಾಗಿಲು ಬಿಟ್ಟು ಉಳಿದ ಕಡೆ ಬಟ್ಟೆ ಕಟ್ಟಿಸಿದೆ. ಬಾಗಿಲಲ್ಲಿ ನಾನು ನಿಂತೆ. ಒಳಗೆ ಹೋಗುವಾಗ ಒಂದು ಬಿಲ್ಲೆ, ಹೊರಗೆ ಬರುವಾಗ ವಾಪಸು. ಗಣಿಯಿಂದ ಬಂದ ಏಳುಮಲೈಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬೆಂಗಳೂರಿನವರಿಗೆ ಕಂಡಿತು. ಒಬ್ಬರು ಬಿಲ್ಲೆಯನ್ನು ತಿರುಗಿಸಿ ನೋಡಿ, "ಇದಕ್ಕೆ ಕಾಫಿ ಎಲ್ಲಿ ಕೊಡ್ತಾರೆ?" ಎಂದು ಕೇಳಿದರು. ಇನ್ನೊಬ್ಬರು ಚಪ್ಪಲಿ ಬಿಟ್ಟು, ಬಿಲ್ಲೆ ಇಸಕೊಂಡು, ದೇವರ ದರ್ಶನಕ್ಕೆ ಹೋಗುವವರ ಹಾಗೆ ಭಕ್ತಿಯಿಂದ ಒಳಗೆ ಹೋದರು. ಬಹುಮಾನದ ಚೀಟಿ ಯಾವಾಗ ಎತ್ತುತ್ತಾರೆ ಎಂದು ಕೇಳಿದವರಿಗಂತೂ ಲೆಕ್ಕವಿಲ್ಲ.

ಕುರ್ಚಿಗಳಲ್ಲಿ ಮೂರು ಬಗೆ ಇದ್ದವು. ತಗಡಿನ ಸೀಟಿನದು ಮುನಿಸ್ವಾಮಪ್ಪನವರ ಸ್ವಂತ ಯೋಚನೆ, ಅವರಿಗೆ ಅದರ ಮೇಲೆ ಹೆತ್ತ ಮಗುವಿನ ಮೇಲಿನಷ್ಟು ಪ್ರೀತಿ. ಎರಡನೆಯದು ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯನ್ನೇ ಪೈಪಿಗೆ ಹೆಣೆದದ್ದು. ಮೂರನೆಯದು ಕ್ಯಾನ್ವಾಸಿನ ಒರಗು ಕುರ್ಚಿ. ಪ್ರದರ್ಶನ ಅಂದರೆ ಗೊತ್ತಲ್ಲ, ಜನ ಬೆಳಗಿನಿಂದ ನಡೆದು ನಡೆದು ಕಾಲು ಬಿದ್ದುಹೋಗಿರುತ್ತದೆ. ಕುರ್ಚಿ ಕಂಡರೆ ಕೂರುತ್ತಾರೆ. ಕೂತವರು ಏಳುವುದಿಲ್ಲ. ಇಷ್ಟು ಸರಳವಾದ ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಿಲ್ಲೆಗಳು ಹೋಗುತ್ತಿದ್ದವು, ಬರುತ್ತಿರಲಿಲ್ಲ. ಕೈಯಲ್ಲಿನ ಚೀಲ ಹಗುರವಾಗುತ್ತ ಬಂದಂತೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಇದು ಸುರಂಗವಲ್ಲ, ಹಗ್ಗಕ್ಕೆ ಕಟ್ಟಿದ ಬಟ್ಟೆ, ಒಳಗಿರುವವರು ಭೂಮಿಯ ಮೇಲೆಯೇ ಇದ್ದಾರೆ ಎಂದು ಎಷ್ಟು ಹೇಳಿಕೊಂಡರೂ ಕೇಳಲಿಲ್ಲ. ಕಡೆಗೆ ಒಳಗೆ ನುಗ್ಗಿ ಒಬ್ಬೊಬ್ಬರನ್ನೇ ಎಬ್ಬಿಸತೊಡಗಿದೆ.

ನವಾರು ಕುರ್ಚಿಗಳಲ್ಲಿ ಮದುವೆ ಜವಳಿಗೆಂದು ಊರಿಂದ ಬಂದ ಹೆಂಗಸರ ಗುಂಪೊಂದು ದುಂಡಗೆ ಕೂತಿತ್ತು. ಕೋಡುಬಳೆಯ ಡಬ್ಬಿ ಬಿಚ್ಚಿ, ಗಂಡಿನ ಕಡೆಯವರ ಜನ್ಮ ಜಾಲಾಡುತ್ತಿದ್ದರು. ನಾನು ಹೋಗಿ, "ಅಮ್ಮಾ, ಬಿಲ್ಲೆ" ಎಂದು ಕೈ ಒಡ್ಡಿದೆ. ಅವರಲ್ಲಿ ಹಿರಿಯಾಕೆ ನನ್ನ ಕೈಗೆ ಒಂದು ಕೋಡುಬಳೆ ಇಟ್ಟು, "ಕೊಡ್ತೀವಿ ಬಿಡಪ್ಪ, ಎಲ್ಲಿಗೆ ಓಡಿ ಹೋಗ್ತೀವಿ?" ಎಂದರು. "ಓಡಿ ಹೋಗ್ತಿಲ್ಲವಲ್ಲ ತಾಯಿ, ಅದೇ ನನ್ನ ಕಷ್ಟ" ಎಂದೆ. ಕ್ಯಾನ್ವಾಸ್ ಕುರ್ಚಿಯಲ್ಲಿ ಪಿಂಚಣಿದಾರರೊಬ್ಬರು ದಿನವೂ ಪೇಪರು ಹಿಡಿದು ಬಂದು ಮಲಗುತ್ತಿದ್ದರು. ಅವರನ್ನು ಎಬ್ಬಿಸಿದರೆ, "ಮನೆಯಲ್ಲಿ ಸೊಸೆ ಎಬ್ಬಿಸ್ತಾಳೆ, ಇಲ್ಲಿ ನೀವು" ಎಂದು ಗೊಣಗಿಕೊಂಡು ಎದ್ದು ಹೋಗುತ್ತಿದ್ದರು, ಮಾರನೆಯ ದಿನ ಮತ್ತೆ ಹಾಜರು. ಹೋಟೆಲಿನವರಂತೆ ಕಾಣುವ ಒಬ್ಬರು ನವಾರು ಕುರ್ಚಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ, ಮತ್ತೆ ಮತ್ತೆ ಕೂತು, "ಇದು ಹೇಗೆ?" ಎಂದರು. ಆ ಗದ್ದಲದಲ್ಲಿ ನಾನು, "ಅದೆಲ್ಲ ಆಮೇಲೆ ಸ್ವಾಮಿ, ಮೊದಲು ಬಿಲ್ಲೆ ಕೊಟ್ಟು ಹೊರಗೆ ಬನ್ನಿ" ಎಂದು ರಟ್ಟೆ ಹಿಡಿದು ಕರೆತಂದೆ. ಆತ ಬಿಲ್ಲೆಯನ್ನು ನನ್ನ ಕೈಗೆ ಕುಕ್ಕಿ ಹೋದರು. ಏಳುಮಲೈ ತಲೆಯ ಮೇಲೆ ಕೈ ಹೊತ್ತ. "ಐಯೋ ಸಾರ್, ಅವರು ಕೇಳಿದ್ದು ರೇಟು ಸಾರ್, ರೇಟು!" ಎಂದ. ನನಗೆ ಅದು ಕೇಳಿಸಿತು, ಆದರೆ ಬಿಲ್ಲೆ ಬಂತಲ್ಲ ಎಂಬ ಸಮಾಧಾನದಲ್ಲಿ ಮನಸ್ಸಿಗೆ ಇಳಿಯಲಿಲ್ಲ. ಸಾಯಂಕಾಲ ಎಣಿಸಿದರೆ ಕೊಟ್ಟ ಬಿಲ್ಲೆಗಳೆಲ್ಲ ಚೀಲದಲ್ಲಿ! ನಾನು ಹಾಯಾಗಿ ನಿದ್ದೆ ಮಾಡಿದೆ. ಹೀಗೇ ದಿನಗಳು ಕಳೆದವು.

ಕೊನೆಯ ದಿನ ಮಾತ್ರ ಎಡವಟ್ಟಾಯಿತು. ಮಧ್ಯಾಹ್ನದ ಮೇಲೆ ಬಾಗಿಲಲ್ಲಿ ಏಳುಮಲೈಯನ್ನು ನಿಲ್ಲಿಸಿ ಕಾಫಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಇಣುಕಿ ನೋಡಿದರೆ ಮೂಲೆಯ ನವಾರು ಕುರ್ಚಿಯಲ್ಲಿ ಯಾರೋ ಒಬ್ಬರು ಮುಖದ ಮೇಲೆ ಟವೆಲು ಹೊದ್ದು ಗೊರಕೆ ಹೊಡೆಯುತ್ತಿದ್ದರು. ನಾನು ಬಾಗಿಲಿನಿಂದಲೇ ಟೈಂ ಆಫೀಸಿನ ಗಂಟಲು ತೆಗೆದು, "ಶಿಫ್ಟು ಮುಗೀತು, ಎಲ್ಲಾರೂ ಬಿಲ್ಲೆ ಕೊಡ್ರಪ್ಪೋ!" ಎಂದು ಕೂಗಿದೆ. ಗೊರಕೆ ಥಟ್ಟನೆ ನಿಂತಿತು. ಉಳಿದವರನ್ನು ಸಾಗಹಾಕಿ ಮೂಲೆಗೆ ಹೋಗಿ ನೋಡುತ್ತೇನೆ, ಕುರ್ಚಿ ಖಾಲಿ. ಹಿಂದುಗಡೆಯ ಬಟ್ಟೆ ಅಲ್ಲಾಡುತ್ತಿತ್ತು. ಎಣಿಸಿದರೆ ಒಂದು ಬಿಲ್ಲೆ ಕಡಿಮೆ!

"ಹಿಂದುಗಡೆಯಿಂದ ನುಸುಳಿ ಹೋದ್ರು ಸಾರ್, ಬಿಡಿ" ಎಂದ ಏಳುಮಲೈ. "ಬಿಲ್ಲೆ ಬಂದಿಲ್ಲವಲ್ಲೋ" ಎಂದೆ ನಾನು. ಎಷ್ಟಾದರೂ ಅವನೂ ಗಣಿಯವನು, ಕೂಡಲೇ ಹುಡುಕಲು ಬಗ್ಗಿದ. ಇಬ್ಬರೂ ಸೇರಿ ಒಂದೊಂದು ಕುರ್ಚಿಯನ್ನೂ ಎತ್ತಿ, ಕೊಡವಿ, ಮಡಿಚಿ ನೋಡಿದೆವು, ಮನುಷ್ಯನೇ ಮಡಿಚಿಕೊಂಡು ಒಳಗೆ ಸಿಕ್ಕಿಹಾಕಿಕೊಂಡಿರಬಹುದು ಎನ್ನುವ ಹಾಗೆ. ಕಾವಲುಗಾರ ಬಂದು, "ಏನ್ರೀ ಹುಡುಕ್ತೀರಾ?" ಎಂದ. "ಒಬ್ಬರು ಒಳಗೇ ಉಳಿದಿದ್ದಾರೆ" ಎಂದೆ. ಅವನು ಖಾಲಿ ಮಳಿಗೆಯನ್ನೂ ನನ್ನ ಮುಖವನ್ನೂ ನೋಡಿ, ಸ್ವಲ್ಪ ಹಿಂದಕ್ಕೆ ಸರಿದು ನಿಂತ. ಬಂಗಾರಪೇಟೆಯ ರೈಲಿನಲ್ಲಿ ಕೂತ ಮೇಲೂ ನನಗೆ ಆ ಟವೆಲೇ ಕಣ್ಣ ಮುಂದೆ ಬರುತ್ತಿತ್ತು. ಯಾರಿರಬಹುದು? ಯಾಕೆ ಓಡಿದರು? ತಗಡಿನ ಚೂರನ್ನು ಮನೆಗೆ ಒಯ್ದು ಏನು ಮಾಡುತ್ತಾರೆ?

ಮಾರನೆಯ ದಿನ ಶೆಡ್ಡಿನಲ್ಲಿ ವಿಚಾರಣೆ. ಮುನಿಸ್ವಾಮಪ್ಪನವರು ತಮ್ಮ ತಗಡಿನ ಕುರ್ಚಿಯಲ್ಲಿ ಕೂತು, "ಊಂ, ಯೋಳು" ಎಂದರು. ನಾನು ಗಂಟಲು ಸರಿಮಾಡಿಕೊಂಡು, "ಜನ ಕಿಕ್ಕಿರಿದು ಬಂದರು. ದೇವರ ದಯೆಯಿಂದ ಎಲ್ಲರೂ ಸುರಕ್ಷಿತವಾಗಿ ಹೊರಗೆ ಹೋದರು. ಒಳಗೆ ಒಬ್ಬರನ್ನೂ ಉಳಿಯಗೊಡಲಿಲ್ಲ, ಕೊನೆಯ ದಿನದ ಒಬ್ಬರನ್ನು ಬಿಟ್ಟು" ಎಂದು ವರದಿ ಒಪ್ಪಿಸಿದೆ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಒಳಗೆ ಕೂತೋರ್ನ ನೀನೇ ಎಬ್ಬಿಸ್ದ್ಯಾ?"

"ಹೌದು, ಎಲ್ಲರನ್ನೂ."

"ಏಮಯ್ಯಾ ನಾರಾಣಪ್ಪಾ! ನಾನು ನಿನ್ನ ಕುರ್ಚಿ ತೋರ್ಸಕ್ಕೆ ಕಳ್ಸಿದ್ನಾ, ಕೂತೋರ್ನ ಎಬ್ಬಿಸಕ್ಕೆ ಕಳ್ಸಿದ್ನಾ? ಕುರ್ಚಿಯಾಗ್ ಕೂತೋನು ಏಳ್ದೆ ಇದ್ರೆ ಅದಕ್ಕಿಂತ ಇನ್ನೇನ್ ಬೇಕಯ್ಯಾ ನಮ್ಗೆ? ಕೆಡಿಸ್ಬಿಟ್ಯಲ್ಲಯ್ಯಾ!"

ಆಗ ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಕೋಡುಬಳೆ ಹೆಂಗಸರು, ಹೋಟೆಲಿನವರು, ಪಿಂಚಣಿದಾರರು, ಒಬ್ಬೊಬ್ಬರೂ ಕಣ್ಣ ಮುಂದೆ ಬಂದು ಬಿಲ್ಲೆ ಕುಕ್ಕಿ ಹೋದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಟೈಂ ಆಫೀಸಿನ ಕಿಟಕಿ ನನ್ನನ್ನು ಬಾ ಬಾ ಎಂದು ಕರೆಯುತ್ತಿರುವಂತೆ ಅನಿಸಿತು. ಏಳುಮಲೈ ಮೂಲೆಯಲ್ಲಿ ಪೈಪು ಉಜ್ಜುತ್ತಾ ತಲೆ ಎತ್ತಲಿಲ್ಲ. ಮುನಿಸ್ವಾಮಪ್ಪನವರದು ಕೋಪ ಬೇಗ ಏರಿ ಬೇಗ ಇಳಿಯುವ ಜಾತಿ. ಇಳಿದ ಮೇಲೆ ಅವರಿಗೂ ಕುತೂಹಲ ಹುಟ್ಟಿತು. "ಓಗ್ಲಿ, ಎಬ್ಬಿಸಿದ್ಯಲ್ಲ, ಯಾರ್ಯಾರ್ನ ಎಬ್ಬಿಸ್ದೆ? ಎಲ್ಲೆಲ್ಲಿ ಕೂತಿದ್ರು?" ಎಂದರು.

ಇದನ್ನು ಕೇಳಿದರೆ ನಾನು ಬಿಡುತ್ತೇನೆಯೇ? ಒಬ್ಬೊಬ್ಬರಿಗಾಗಿಯೂ ಬೆವರು ಸುರಿಸಿದವನು ನಾನು, ಯಾರನ್ನೂ ಮರೆತಿರಲಿಲ್ಲ. ನವಾರಿನಲ್ಲಿ ಕೂತವರು ಎಬ್ಬಿಸಿದರೆ ಬಯ್ದರು, ಕ್ಯಾನ್ವಾಸಿನವರು ಮಲಗಿಯೇ ಬಿಟ್ಟರು, ಅವರನ್ನು ಎಬ್ಬಿಸಲು ಭುಜ ಅಲ್ಲಾಡಿಸಬೇಕಾಯಿತು, ಮಡಿಚುವಾಗ ಒಬ್ಬರ ಪಂಚೆ ಸಿಕ್ಕಿಕೊಂಡಿತು, ಹೀಗೆ ಸವಿಸ್ತಾರವಾಗಿ ಹೇಳುತ್ತ ಹೋದೆ. ಅವರು ಕಣ್ಣು ಕಿರಿದು ಮಾಡಿ ಕೇಳಿದರು.

"ತಗಡಿನ ಕುರ್ಚಿಯೋರು?"

"ಅವರು ಒಳ್ಳೆಯ ಜನ. ನನಗೆ ಒಂದಿಷ್ಟೂ ತೊಂದರೆ ಕೊಡಲಿಲ್ಲ. ತಾವೇ ಬೇಗ ಬೇಗ ಎದ್ದು ಬಿಲ್ಲೆ ಕೊಟ್ಟು ಹೋದರು. ಬಿಸಿಲು ಹೊತ್ತಿನಲ್ಲಂತೂ ಕೂತವರು ಕೂತ ಹಾಗೇ ಎದ್ದರು" ಎಂದೆ.

ಮುನಿಸ್ವಾಮಪ್ಪನವರ ಮುಖ ಸಣ್ಣಗಾಯಿತು. ತಾವು ಕೂತಿದ್ದ ತಗಡಿನ ಕುರ್ಚಿಯಲ್ಲಿ ಒಮ್ಮೆ ಆ ಕಡೆ ವಾಲಿದರು, ಒಮ್ಮೆ ಈ ಕಡೆ ವಾಲಿದರು. ಆಮೇಲೆ ಯಾರನ್ನೂ ನೋಡದೆ ಎದ್ದು, ಪಕ್ಕದ ನವಾರು ಕುರ್ಚಿಗೆ ಹೋಗಿ ಕೂತರು. ತುಂಬ ಹೊತ್ತು ಅಲ್ಲೇ ಇದ್ದರು. "ಆ ಬಿಲ್ಲೆ ತಕ್ಕಂಡ್ ಓಡೋದ್ನಲ್ಲ, ಅವನು ಎದ್ರಾಗ್ ಕೂತಿದ್ದ?" ಎಂದು ಕೇಳಿದರು. ನವಾರು ಎಂದೆ. "ಅಂಗಾದ್ರೆ ತಗಡು ಬ್ಯಾಡ, ನವಾರೇ ಇರ್ಲಿ. ಅವನು ಬತ್ತಾನೆ ನೋಡ್ತಿರು. ಅಂಥಾ ನಿದ್ದೆ ಬಿದ್ದೋನು ಕುರ್ಚಿ ಉಡುಕ್ಕಂಡ್ ಬಂದೇ ಬತ್ತಾನೆ. ದೀಪಾವಳಿ ಗಂಟ ನೋಡಾನ. ಒಂದು ಒಳ್ಳೇ ಆರ್ಡ್ರು ಬಂದ್ರೆ ಕುರ್ಚಿ. ಇಲ್ಲಾಂದ್ರೆ ಬಕೀಟು" ಎಂದು ತೀರ್ಮಾನದ ತಕ್ಕಡಿಯನ್ನು ನನ್ನ ಕೈಗೇ ಕೊಟ್ಟರು. ನನ್ನ ಮಾವನ ಗಡುವೂ ದೀಪಾವಳಿಯೇ.

ಆಮೇಲಿನ ದಿನಗಳಲ್ಲಿ ಶೆಡ್ಡಿಗೆ ಯಾರು ಬಂದರೂ ಮೊದಲು ಅವರ ಕೈ ನೋಡುತ್ತಿದ್ದೆ. ಬಂದವರೆಲ್ಲ ತೂತು ಬಕೀಟು ಹಿಡಿದವರೇ. ಹೋಟೆಲಿನವರು ಬರಲಿಲ್ಲ, ಪಿಂಚಣಿದಾರರೂ ಬರಲಿಲ್ಲ. ಏಳುಮಲೈ ಹೆಣೆದ ಕುರ್ಚಿಗಳನ್ನು ಗೋಡೆಗೆ ಒರಗಿಸುತ್ತ ಬಂದ, ಗೋಡೆ ತುಂಬಿತು. ರತ್ನಮ್ಮ ನನ್ನ ಮುಖವನ್ನೊಮ್ಮೆ ನೋಡಿ, ನೆನೆಸಿದ ಅಕ್ಕಿ ಎತ್ತಿಕೊಂಡು ಪಕ್ಕದ ಮನೆಯ ಒರಳಿಗೆ ಹೋಗುತ್ತಿದ್ದಳು. ಹಬ್ಬ ಹತ್ತಿರವಾದಂತೆ ನಾನು ರಾಗಿಮುದ್ದೆಯನ್ನೂ ಅರ್ಧಕ್ಕೇ ಬಿಟ್ಟು ಏಳತೊಡಗಿದೆ. ಒಂದು ಸಂಜೆ ಅವಳ ಮುಂದೆ, "ಹಬ್ಬ ಮುಗಿದ ಮೇಲೆ ಟ್ರಂಕು ಕಟ್ಟೋಣ" ಎಂದೂ ಅಂದುಬಿಟ್ಟೆ. ಅವಳು, "ಕಟ್ಟೋದು ಇದ್ದೇ ಐತೆ, ಮೊದ್ಲು ಉಣ್ಣಿ" ಎಂದಳು.

ಹಬ್ಬಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ, ಬೆಳಗ್ಗೆ ನಮ್ಮ ಮನೆಯ ಮುಂದೆ ಒಂದು ಎತ್ತಿನ ಗಾಡಿ ನಿಂತಿತು. ಅದರಲ್ಲಿ ಹುಲ್ಲು ಹಾಸಿ, ಹುಲ್ಲಿನ ಮೇಲೆ ರತ್ನಮ್ಮನ ಒರಳುಕಲ್ಲು ಕೂತಿತ್ತು. ಒರಳಿನ ಪಕ್ಕದಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡು ನನ್ನ ಮಾವ ಕೂತಿದ್ದರು. ಕಲ್ಲನ್ನು ಇಳಿಸಿದ್ದಾಯಿತು, ರತ್ನಮ್ಮ ಅದಕ್ಕೆ ಅಡುಗೆಮನೆಯ ಬಾಗಿಲ ಹತ್ತಿರ ಜಾಗ ನೋಡುತ್ತಿದ್ದಳು. ಮಾವ ನನ್ನನ್ನು ಹೊರಗೆ ಕರೆದು, ಆ ಕಡೆ ಈ ಕಡೆ ನೋಡಿ, ಜೇಬಿನಿಂದ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟು ಮುಚ್ಚಿದರು. ಬಿಡಿಸಿ ನೋಡಿದರೆ ದುಂಡನೆಯ ತಗಡಿನ ಬಿಲ್ಲೆ!

"ಮಾವಾ! ನೀವಾ?"

"ಮೆಲ್ಲಕೆ ಮಾತಾಡಪ್ಪಾ, ಮಗಳ್ ಕೇಳ್ಸ್ಕಂಡಾಳು. ನೀನು ಏನ್ ಮಾಡ್ತೀಯ ನೋಡಾನ ಅಂತ ಯಾರ್ಗೂ ಯೋಳ್ದೆ ಬೆಂಗ್ಳೂರ್ಗೆ ಬಂದಿದ್ದೆ. ನೀನಿರ್ಲಿಲ್ಲ. ಆ ಫಿಟ್ಟರು ಬೇರೆ ಗಣಿಯೋನಲ್ವಾ, ನನ್ನ ಗುರ್ತು ಇಡೀಲಿಲ್ಲ, ಬಿಲ್ಲೆ ಕೊಟ್ಟ. ಒಂದ್ ಗಳಿಗೆ ಕೂತ್ಕಳಾನ ಅಂತ ಕೂತೆ. ಅಷ್ಟೇ ಗೊತ್ತು. ಎಷ್ಟು ವರ್ಸದ ನಿದ್ದೆಯೋ ಏನೋ ಕಣಪ್ಪಾ. ನೀನು ಶಿಫ್ಟು ಮುಗೀತು ಅಂತ ಕೂಗಿದ್ಯಲ್ಲ, ಎದೆ ಒಡೆದೋಯ್ತು. ಬಿಲ್ಲೆ ಕೊಡಕ್ ಬಂದ್ರೆ ಕೆಲ್ಸದಾಗ್ ಕೂತ್ಕಬಾರ್ದು ಅಂತ ಯೋಳಿದ್ ಮಾವ ನಿದ್ದೆ ಒಡೀತಿದ್ದ ಅಂತ ಆಯ್ತದೆ. ಅದ್ಕೇ ಬಟ್ಟೆ ಕೆಳಗ್ ನುಸುಳ್ಬಿಟ್ಟೆ" ಎಂದು ಒಂದೇ ಉಸಿರಿಗೆ ಹೇಳಿದರು. ಎಷ್ಟೋ ಜನರನ್ನು ಬಿಲ್ಲೆ ತಪ್ಪಿಸಿದ್ದಕ್ಕೆ ಬಯ್ದು ನಿಲ್ಲಿಸಿದ್ದ ಆ ಮನುಷ್ಯ ನನ್ನ ಮುಂದೆ ಪೆರುಮಾಳನ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ನನಗೆ ನಗುವೂ ಬಂತು, ಪಾಪ ಎಂದೂ ಅನಿಸಿತು.

"ಬಟ್ಟೆ ಸಂದಿಯಿಂದ ನೋಡ್ತಾ ನಿಂತಿದ್ದೆ" ಎಂದು ಅವರೇ ಮುಂದುವರಿಸಿದರು. "ಒಂದ್ ಬಿಲ್ಲೆಗೋಸ್ಕರ ಅಷ್ಟೂ ಕುರ್ಚಿ ಎತ್ತಿ ಎತ್ತಿ ಉಡುಕ್ದೆಯಲ್ಲ. ಯಾಪಾರ ಮಾಡೋ ಪೈಕಿ ಅಲ್ಲ ನೀನು. ಆದ್ರೆ ಬಂದೋರ್ನ ಕೈ ಬಿಡೋನೂ ಅಲ್ಲ. ನಂಗ್ ಕಣ್ಣಾಗೆ ನೀರು ಬಂತು. ಸಾಯೇಬ್ರಿಗೆ ಯೋಳ್ಬಿಟ್ಟೆ, ಆ ಜಾಗ ಬೇರೆಯೋರ್ಗೆ ಕೊಡಿ, ನಮ್ಮಳಿಯ ಬರಕಿಲ್ಲ ಅಂತ."

ಅವರು ಆ ತಿಂಗಳೇ ಕೆಲಸದಿಂದ ನಿವೃತ್ತರಾಗಿದ್ದರು. ಗಣಿಯ ಕಡೆ ನಿವೃತ್ತರಾದವರಿಗೆ ಜೊತೆಯವರು ಹಣ ಸೇರಿಸಿ ಒಂದು ಗೋಡೆ ಗಡಿಯಾರ ಕೊಡುವುದು ವಾಡಿಕೆ. ಮಾವ ಗಡಿಯಾರ ಬೇಡವೆಂದರಂತೆ. "ಜಲ್ಮ ಎಲ್ಲ ಗಡಿಯಾರಾನೇ ನೋಡಿದ್ದೀನಿ, ಇನ್ನೂ ಅದನ್ನೇ ನೋಡ್ಲಾ? ನವಾರು ಕುರ್ಚಿ ಕೊಡಿ" ಎಂದರಂತೆ. ಅದನ್ನು ಕೇಳಿ, ಆ ವರ್ಷ ನಿವೃತ್ತರಾಗಲಿದ್ದ ಉಳಿದವರಿಗೂ ಹೌದಲ್ಲ ಎನಿಸಿತು. ಎಲ್ಲರೂ ನಿಂತೇ ದುಡಿದವರು. ಹೀಗೆ ಗಡಿಯಾರದ ಬದಲು ಕುರ್ಚಿ ಎಂದು ಒಪ್ಪಂದವಾಗಿ, ಅಷ್ಟೂ ಕುರ್ಚಿಗಳ ಆರ್ಡರನ್ನು ಮಾವ ಒರಳಿನ ಜೊತೆಗೇ ತಂದಿದ್ದರು. ನಾನು ಶೆಡ್ಡಿಗೆ ಓಡಿಹೋಗಿ ಸುದ್ದಿ ಹೇಳಿದೆ. ಮುನಿಸ್ವಾಮಪ್ಪನವರು ನವಾರು ಕುರ್ಚಿಯಿಂದ ಏಳದೆಯೇ, "ನಾನ್ ಯೋಳಿರ್ಲಿಲ್ವಾ, ಬತ್ತಾನೆ ಅಂತ?" ಎಂದರು. ಏಳುಮಲೈ ಗೋಡೆಗೆ ಒರಗಿಸಿದ್ದ ಕುರ್ಚಿಗಳ ಧೂಳು ಹೊಡೆಯಲು ಆಗಲೇ ಶುರುಮಾಡಿದ್ದ. ನನಗೆ ಆದ ಸಂತೋಷಕ್ಕೆ ದಾರಿಯಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ ಹಾಕಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಕಾಲು ಸ್ವಲ್ಪ ಸೊಟ್ಟಗಾಯಿತೆಂದು ಮುನಿಸ್ವಾಮಪ್ಪನವರು ನನಗೆ ಕೊಟ್ಟದ್ದು. ಅದರಲ್ಲಿ ಮಾವ ಟವೆಲು ಹೊದ್ದು ಒರಗಿದ್ದರು. ಮಧ್ಯಾಹ್ನವಾಯಿತು, ಸಾಯಂಕಾಲವಾಯಿತು. ಕೆಜಿಎಫ್ ಕಡೆ ಹೋಗುವ ರೈಲು ಕೂಗಿತು. ನಾನು ಬಾಗಿಲಲ್ಲಿ ನಿಂತುಕೊಂಡೇ ಇದ್ದೆ. ಬೆಳಗ್ಗೆ ಒಳಗೆ ಬಂದವರು ಇನ್ನೂ ಹೊರಗೆ ಹೊರಡುವ ಲಕ್ಷಣವಿರಲಿಲ್ಲ, ನನ್ನ ಹಳೆಯ ಕಾಯಿಲೆ ಮೆಲ್ಲಗೆ ತಲೆ ಎತ್ತುತ್ತಿತ್ತು. "ಮಾವಾ, ರೈಲು..." ಎಂದೆ. "ಓಗ್ಲಿ ಬಿಡು, ರೈಲಿರೋದೇ ಓಗಕ್ಕೆ" ಎಂದು ಟವೆಲಿನ ಒಳಗಿನಿಂದ ಉತ್ತರ ಬಂತು.

ಬೆಳಗಿನಿಂದ ಓಡಾಡಿ ನನಗೂ ಕಾಲು ಸೋತಿತ್ತು. ಕುರ್ಚಿ ಕಂಪೆನಿಯ ಮ್ಯಾನೇಜರಿಗೆ ಸ್ವಂತ ಮನೆಯಲ್ಲಿ ಕೂರಲು ಬೇರೆ ಏನೂ ಕಾಣಲಿಲ್ಲ. ಕೈಯಲ್ಲಿ ಆ ಬಿಲ್ಲೆಯನ್ನು ತಿರುಗಿಸುತ್ತ, ಅಡುಗೆಮನೆಯ ಬಾಗಿಲಿಗೆ ಹೋಗಿ ಒರಳುಕಲ್ಲಿನ ಮೇಲೆ ಕೂತೆ. ಕೂತು ಒಂದು ನಿಟ್ಟುಸಿರು ಬಿಡುವಷ್ಟರಲ್ಲಿ ರತ್ನಮ್ಮ ಒಳಗಿನಿಂದ ಬಂದವಳು ಕೂಗಿಕೊಂಡಳು.

"ಏಳ್ರೀ ಮ್ಯಾಲಕ್ಕೆ! ಒರಳ್ ಮ್ಯಾಲೆ ಯಾರಾನಾ ಕೂತ್ಕತಾರಾ? ಇವತ್ತು ತಾನೇ ಬಂದೈತೆ!"

ಕುರ್ಚಿಯ ಕಡೆಯಿಂದ, ಟವೆಲು ಅಲ್ಲಾಡದೆ, ಮಾವನ ದನಿ ಬಂತು.

"ಬಿಲ್ಲೆ ಇಸ್ಕಳಮ್ಮಾ ಅವನತ್ರ."

ನಾನು ಎದ್ದು ಕೊಟ್ಟೆ.